ನಾಲ್ಕು ಬೇಸಿಗೆ ಕಂಡ ಫೋನು: ಕಲಬುರಗಿಯಿಂದ ಒಂದು ವಿಮರ್ಶೆ

2021ರ ದಸರಾ ಹೊತ್ತಿಗೆ 13,500 ರೂಪಾಯಿ ಕೊಟ್ಟು ತಗೊಂಡ ಫೋನು ಇದು. 5000 ಎಂಎಎಚ್ ಬ್ಯಾಟರಿ, 6 ಜಿಬಿ ರ‍್ಯಾಮ್, ಎಲ್‌ಸಿಡಿ ಪರದೆ, 4ಜಿ. ಇವತ್ತಿಗೂ ಇದೇ ನನ್ನ ಕಿಸೆಯಲ್ಲಿದೆ. ಕಂಪನಿ ಹೆಸರು ಬರೆಯುತ್ತಿಲ್ಲ. ಆ ಮಾಡೆಲ್ ಈಗ ಅಂಗಡಿಯಲ್ಲಿ ಸಿಗುವುದೂ ಇಲ್ಲ, ಮತ್ತೆ ನಾನು ಹೇಳಬೇಕು ಅಂತಿರುವುದು ಈ ಬೆಲೆಯ ಯಾವ ಫೋನಿಗಾದರೂ ಹೊಂದುತ್ತದೆ. ನಮ್ಮ ಕಡೆ ಫೋನನ್ನು ಮೊದಲು ತಿನ್ನುವುದು ಬಿಸಿಲು. ಕೈಜಾರಿ ಬೀಳುವುದು, ನೀರು ಬೀಳುವುದು ಎಲ್ಲ ಆಮೇಲಿನ ಮಾತು.

ನನ್ನ ದಿನ ಹೇಗಿರುತ್ತದೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಕೆಲಸ ಕಲಬುರಗಿಯ ಒಂದು ದಾಲ್ ಮಿಲ್ಲಿನ ಲೆಕ್ಕದ ಟೇಬಲ್ಲಿನಲ್ಲಿ. ದಿನಕ್ಕೆ ಒಮ್ಮೆಯಾದರೂ ಗಂಜ್‌ಗೆ, ಅಂದರೆ ಕಾಳಿನ ಮಾರುಕಟ್ಟೆಗೆ, ಹೋಗಬೇಕು. ವಾರಕ್ಕೊಮ್ಮೆ ಬೈಕ್ ಮೇಲೆ ಆಳಂದ ತಾಲ್ಲೂಕಿನ ನಮ್ಮ ಊರಿಗೆ ಹೋಗುತ್ತೇನೆ, ಅಲ್ಲಿ ಅಪ್ಪ ಅಮ್ಮ ಇದ್ದಾರೆ, ತೊಗರಿ ಹೊಲ ಇದೆ. ಹಾಗಾಗಿ ಈ ಫೋನು ಫ್ಯಾನಿನ ಕೆಳಗೆ ಇದ್ದದ್ದಕ್ಕಿಂತ ಬಿಸಿಲಲ್ಲಿ ಓಡಾಡಿದ್ದೇ ಜಾಸ್ತಿ.

ಮೊದಲ ಎರಡು ಬೇಸಿಗೆ ನಾನು ಎಲ್ಲರ ಹಾಗೇ ಇದ್ದೆ. ಬೈಕಿನ ಹ್ಯಾಂಡಲ್‌ಗೆ ಮೊಬೈಲ್ ಹೋಲ್ಡರ್ ಹಾಕಿಸಿದ್ದೆ, ಪಕ್ಕದಲ್ಲೇ ಯುಎಸ್‌ಬಿ ಚಾರ್ಜರ್. ಮಧ್ಯಾಹ್ನ ಮ್ಯಾಪ್ ಹಚ್ಚಿಕೊಂಡು, ಚಾರ್ಜಿಗೂ ಹಾಕಿಕೊಂಡು ಹೋಗುವುದು. ರಾತ್ರಿ ದಪ್ಪ ಕವರ್ ಸಮೇತ ದಿಂಬಿನ ಪಕ್ಕ ಚಾರ್ಜಿಗೆ ಇಟ್ಟು ಮಲಗುವುದು. ಮೇ ತಿಂಗಳಲ್ಲಿ ಫೋನ್ ತಾನೇ ಚಾರ್ಜಿಂಗ್ ನಿಲ್ಲಿಸುತ್ತಿತ್ತು, ಬಿಸಿ ಜಾಸ್ತಿ ಆಗಿದೆ ಅಂತ ಪರದೆ ಮೇಲೆ ಬರುತ್ತಿತ್ತು. ಅದನ್ನು ಫೋನಿನ ದೋಷ ಅಂದುಕೊಂಡಿದ್ದೆ. ಅದು ಫೋನು ತನ್ನನ್ನು ತಾನು ಕಾಪಾಡಿಕೊಳ್ಳುವ ರೀತಿ ಅಂತ ಆಮೇಲೆ ಗೊತ್ತಾಯಿತು.

2023ರ ಮೇನಲ್ಲಿ ಹಿಂದಿನ ಪ್ಯಾನೆಲ್ ಒಂದು ಬದಿಗೆ ಎದ್ದು ನಿಂತಿತು. ಬೆರಳುಗುರು ತೂರುವಷ್ಟು ಸಂದು. ಅದಕ್ಕೂ ಮೊದಲೇ ಬ್ಯಾಟರಿ ಮಧ್ಯಾಹ್ನದ ಊಟದ ಹೊತ್ತಿಗೆ 20ಕ್ಕೆ ಇಳಿಯುತ್ತಿತ್ತು, ಒಮ್ಮೊಮ್ಮೆ 30 ಇದ್ದದ್ದು ಒಮ್ಮೆಲೇ ಆಫ್. ಸರ್ವಿಸ್ ಸೆಂಟರ್ ಒಂದರಲ್ಲಿ ಫೋನಿನೊಳಗಿನ ಮುಖ್ಯ ಬೋರ್ಡೇ ಹೋಗಿದೆ, ರಿಪೇರಿಗಿಂತ ಹೊಸದು ತಗೊಳ್ಳಿ ಅಂದರು. ನನಗೆ ನಂಬಿಕೆ ಬರಲಿಲ್ಲ. ಸೂಪರ್ ಮಾರ್ಕೆಟ್ ಕಡೆ ಒಂದು ಸಣ್ಣ ರಿಪೇರಿ ಅಂಗಡಿಗೆ ಒಯ್ದೆ. ಆ ಹುಡುಗ ಕೈಗೆ ತಗೊಂಡವನೇ, "ಬ್ಯಾಟರಿ ಉಬ್ಬ್ಯಾದ್ರಿ, ಇನ್ನ ಚಾರ್ಜಿಗಿ ಹಚ್ಚಬ್ಯಾಡ್ರಿ" ಅಂದ. 1,400 ರೂಪಾಯಿಗೆ ಹೊಸ ಬ್ಯಾಟರಿ ಹಾಕಿಕೊಟ್ಟ. ಬೋರ್ಡಿಗೆ ಏನೂ ಆಗಿರಲಿಲ್ಲ. ಅದೇ ಬೋರ್ಡ್ ಮೇಲೆ ಫೋನ್ ಇನ್ನೂ ನಡೆಯುತ್ತಿದೆ.

ಉಬ್ಬಿದ ಬ್ಯಾಟರಿ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು, ಯಾಕೆಂದರೆ ನಮ್ಮೂರಲ್ಲಿ ಎದ್ದ ಪ್ಯಾನೆಲ್ಲಿಗೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಓಡಾಡುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಒಳಗೆ ಗ್ಯಾಸ್ ತುಂಬಿರುತ್ತದೆ. ಒತ್ತಿದರೆ, ಚುಚ್ಚಿದರೆ ಬೆಂಕಿ ಹತ್ತಬಹುದು. ಸ್ವಿಚ್ ಆಫ್ ಮಾಡಿ, ಮಕ್ಕಳ ಕೈಗೆ ಸಿಗದ ಹಾಗೆ ಇಟ್ಟು, ಅಂಗಡಿಗೆ ಕೊಡಿ. ಕಸದ ಬುಟ್ಟಿಗೂ ಬೇಡ.

ಹೀಗೆ ಯಾಕೆ ಆಗುತ್ತದೆ ಅಂತ ಓದಿ ನೋಡಿದೆ. ಫೋನ್ ಕಂಪನಿಗಳು ಸಾಮಾನ್ಯವಾಗಿ 0ರಿಂದ 35 ಡಿಗ್ರಿ ಹವೆಯಲ್ಲಿ ಬಳಸಿ ಅನ್ನುತ್ತವೆ. ಲಿಥಿಯಂ ಅಯಾನ್ ಸೆಲ್‌ಗಳನ್ನು 45 ಡಿಗ್ರಿ ದಾಟಿದ ಮೇಲೆ ಚಾರ್ಜ್ ಮಾಡಬಾರದು ಅನ್ನುವುದು ರೂಢಿಯ ಮಿತಿ. ನಮ್ಮಲ್ಲಿ ಏಪ್ರಿಲ್ ಮೇನಲ್ಲಿ ನೆರಳಿನ ಹವೆಯೇ 42, 43 ಮುಟ್ಟುತ್ತದೆ. ಅದರ ಮೇಲೆ ಚಾರ್ಜಿಂಗಿನ ಬಿಸಿ, ಮ್ಯಾಪಿನ ಬಿಸಿ, ನೇರ ಬಿಸಿಲು ಬೇರೆ. ಇನ್ನೊಂದು ಸಂಗತಿ ಇದೆ: ಬ್ಯಾಟರಿ 100 ತುಂಬಿರುವಾಗಲೇ ಬಿಸಿಯಲ್ಲಿದ್ದರೆ ಅದು ಬೇಗ ಸವೆಯುತ್ತದೆ. ರಾತ್ರಿಯೆಲ್ಲ ಚಾರ್ಜಿನಲ್ಲಿಟ್ಟು, ಬೆಳಿಗ್ಗೆ ತುಂಬಿದ ಫೋನನ್ನು ಬೈಕಿನ ಹೋಲ್ಡರಿಗೆ ಸಿಕ್ಕಿಸಿ ಬಿಸಿಲಿಗೆ ಒಡ್ಡುವುದು, ಅಂದರೆ ನಾನು ಎರಡು ವರ್ಷ ಮಾಡಿದ್ದು, ಬ್ಯಾಟರಿಗೆ ಎಲ್ಲಕ್ಕಿಂತ ಕೆಟ್ಟದ್ದು.

ಹೊಸ ಬ್ಯಾಟರಿ ಹಾಕಿಸಿದ ದಿನದಿಂದ ಅಭ್ಯಾಸ ಬದಲಿಸಿದೆ. ಹೋಲ್ಡರ್ ತೆಗೆಸಿದೆ, ದಾರಿಯಲ್ಲಿ ಫೋನ್ ಬ್ಯಾಗಿನೊಳಗೆ ಬಟ್ಟೆಯ ನಡುವೆ. ಚಾರ್ಜಿಂಗ್ ಬೆಳಿಗ್ಗೆ 5ರಿಂದ 6ರ ಒಳಗೆ, ಕವರ್ ಬಿಚ್ಚಿ, ಬರಿ ನೆಲದ ಮೇಲೆ. ನಮ್ಮ ಮನೆಗಳ ಶಹಾಬಾದ್ ಕಲ್ಲಿನ ನೆಲ ಬೆಳಗಿನ ಜಾವ ಎಷ್ಟು ತಂಪಿರುತ್ತದೆ ಅಂತ ಈ ಕಡೆಯವರಿಗೆ ಗೊತ್ತೇ ಇದೆ. ಫೋನಿನ ಬಿಸಿ ಎಳೆಯುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. 80, 85 ಆದ ತಕ್ಷಣ ತೆಗೆಯುತ್ತೇನೆ. ಹೊಸ ಫೋನುಗಳಲ್ಲಿ 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಬರುತ್ತಿದೆ, ಇದ್ದರೆ ಇವತ್ತೇ ಹಾಕಿ. ಬಿಸಿಯಾದ ಫೋನನ್ನು ಫ್ರಿಜ್ಜಿನಲ್ಲಿ ಇಡುವುದು, ನೀರಿನ ಗಡಿಗೆಯ ಒದ್ದೆ ಬಟ್ಟೆಗೆ ತಾಗಿಸುವುದು ಮಾತ್ರ ಬೇಡ, ಒಳಗೆ ಹನಿಗಟ್ಟುತ್ತದೆ.

2024, 2025, ಎರಡು ಬೇಸಿಗೆ ಹೀಗೇ ದಾಟಿದವು. ಈಗಲೂ ರಾತ್ರಿ ಒಂಬತ್ತಕ್ಕೆ 30ರ ಆಸುಪಾಸು ಉಳಿದಿರುತ್ತದೆ. ಅದೇ ಫೋನು, ಅದೇ ದಾರಿ, ಅದೇ ಬಿಸಿಲು. ಒಂದು ಫೋನಿನ ಅನುಭವ ಮಾತ್ರ ಇದು, ಒಪ್ಪುತ್ತೇನೆ, ಆದರೆ ನನಗೆ ಇಷ್ಟು ಸಾಕು.

ಇನ್ನು ಪರದೆ. ನನ್ನ ಮಟ್ಟಿಗೆ ಈ ಫೋನಿನ ನಿಜವಾದ ಸೋಲು ಇದೇ. ಹೊಲದ ಸರ್ವೆ ನಂಬರ್ ನೋಡಲು ದಿಶಾಂಕ್ ಆ್ಯಪ್ ಬಳಸುತ್ತೇವೆ, ಹೊಲದಲ್ಲಿ ನಿಂತರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ, ಬಹಳ ಉಪಯೋಗದ ಆ್ಯಪ್. ಆದರೆ ಮಧ್ಯಾಹ್ನ ಹನ್ನೆರಡಕ್ಕೆ ಬದುವಿನ ಮೇಲೆ ನಿಂತು ಈ ಎಲ್‌ಸಿಡಿ ಪರದೆಯಲ್ಲಿ ಗಡಿಗೆರೆ ಹುಡುಕಿ ನೋಡಿ. ಏನೂ ಕಾಣುವುದಿಲ್ಲ. ಅಪ್ಪ ಟವೆಲ್ಲಿನಿಂದ ನೆರಳು ಹಿಡಿಯುತ್ತಾರೆ, ನಾನು ಒಳಗೆ ತಲೆ ಹಾಕಿ ನೋಡುತ್ತೇನೆ. ಅದರ ಜೊತೆಗೆ ಫೋನ್ ಬಿಸಿಯಾದರೆ ತಾನೇ ಬೆಳಕು ತಗ್ಗಿಸುತ್ತದೆ. ಬೆಳಕು ಬೇಕಾದ ಹೊತ್ತಿಗೇ ಕೈಕೊಡುತ್ತದೆ. ಬೆಳೆ ಸಮೀಕ್ಷೆ ಆ್ಯಪಿನಲ್ಲಿ ತೊಗರಿಯ ಫೋಟೊ ಹಾಕುವಾಗಲೂ ಇದೇ ಕಥೆ, ಆದರೆ ಅದು ಮಳೆಗಾಲ, ಮೋಡ ಇರುತ್ತದೆ, ಹೇಗೋ ನಡೆಯುತ್ತದೆ.

ಕ್ಯಾಮೆರಾ ಚೆನ್ನಾಗಿದೆ. ಹಗಲಿನ ಫೋಟೊಗೆ ಸಾಕು, ರಾತ್ರಿಗೆ ಸಾಲದು.

ಬ್ಯಾಟರಿ ಉಳಿಯಬೇಕು ಅಂತ ಇಷ್ಟು ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ಮಳೆಗಾಲದ ಮುಂಚಿನ ಸಿಡಿಲು. ನಮ್ಮ ಕಡೆಯದು ಬಯಲು ಎರೆಭೂಮಿ, ಓಡಿ ಸೇರಲು ಹತ್ತಿರದಲ್ಲಿ ಒಂದು ಕೋಣೆಯೂ ಇರುವುದಿಲ್ಲ, ಮರದ ಕೆಳಗೆ ನಿಂತರೆ ಇನ್ನೂ ಅಪಾಯ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರ ದಾಮಿನಿ ಆ್ಯಪ್ ನಾವಿರುವ ಜಾಗದ ಸುತ್ತ 20, 40 ಕಿಲೋಮೀಟರಿನಲ್ಲಿ ಸಿಡಿಲು ಇದ್ದರೆ ತೋರಿಸುತ್ತದೆ. ಲೊಕೇಶನ್ ಮತ್ತು ಡೇಟಾ ಆನ್ ಇರಬೇಕು. ಸಂಜೆ ನಾಲ್ಕಕ್ಕೆ ಮೋಡ ಕಟ್ಟುವ ಹೊತ್ತಿಗೆ ಫೋನ್ ಸತ್ತಿದ್ದರೆ ಆ ಆ್ಯಪ್ ಇದ್ದೂ ಇಲ್ಲದ ಹಾಗೆ. ಅಪ್ಪನ ಫೋನಿನಲ್ಲೂ ಹಾಕಿಕೊಟ್ಟಿದ್ದೇನೆ, ಅವರು ಈಗ ಹೊಲಕ್ಕೆ ಹೊರಡುವ ಮುಂಚೆ ಮೊದಲು ಚಾರ್ಜ್ ಎಷ್ಟಿದೆ ಅಂತ ನೋಡುತ್ತಾರೆ.

ಕನ್ನಡದಲ್ಲಿ ಮಾತಾಡಿ ಟೈಪ್ ಮಾಡುವುದನ್ನು ಅಮ್ಮ ಬಹಳ ಇಷ್ಟಪಟ್ಟರು. ಆದರೆ ಅದಕ್ಕೆ ನಮ್ಮ ಮಾತು ಪೂರ್ತಿ ತಿಳಿಯುವುದಿಲ್ಲ. ಅಮ್ಮ "ಬರ್ಲಕತ್ತೀನಿ" ಅಂದರೆ ಮುರಿದು ಮುರಿದು ಬೇರೇನೋ ಬರುತ್ತದೆ. "ಬರುತ್ತಿದ್ದೇನೆ" ಅಂದರೆ ಸರಿಯಾಗಿ ಬರುತ್ತದೆ. ಅಮ್ಮ ಯಾಕೆ ತನ್ನ ಮಾತು ಬಿಡಬೇಕು? ನನಗೆ ಇದು ಬೇಜಾರಿನ ವಿಷಯ. ಈಗ ಅವರು ಟೈಪ್ ಬಿಟ್ಟು ಧ್ವನಿ ಸಂದೇಶವನ್ನೇ ಕಳಿಸುತ್ತಾರೆ. ನನಗೂ ಅದೇ ಕೇಳಲು ಚೆಂದ.

ಸಾಫ್ಟ್‌ವೇರ್ ಅಪ್‌ಡೇಟ್ 2024ಕ್ಕೆ ನಿಂತಿತು. ಹಾಗಾಗಿ ಸುರಕ್ಷತೆಗೆ ಅಂತ ದೊಡ್ಡ ಮೊತ್ತದ ಬ್ಯಾಂಕ್ ಖಾತೆಯನ್ನು ಇದರಲ್ಲಿ ಇಟ್ಟಿಲ್ಲ, ತರಕಾರಿ, ಪೆಟ್ರೋಲಿಗೆ ಬೇಕಾದಷ್ಟು ಹಣ ಇರುವ ಖಾತೆ ಮಾತ್ರ ಯುಪಿಐಗೆ ಜೋಡಿಸಿದ್ದೇನೆ. ಚಾರ್ಜಿಂಗ್ ತೂತಿನಲ್ಲಿ ಎರೆಮಣ್ಣಿನ ಧೂಳು ಕೂರುತ್ತದೆ, ತಿಂಗಳಿಗೊಮ್ಮೆ ಸ್ವಿಚ್ ಆಫ್ ಮಾಡಿ ಒಣ ಮೆತ್ತನೆ ಬ್ರಷ್ಷಿನಿಂದ ತೆಗೆಯುತ್ತೇನೆ. ಹೆಡ್‌ಫೋನ್ ತೂತು ಇರುವುದು ದೊಡ್ಡ ಲಾಭ. ವೈರಿನ ಇಯರ್‌ಫೋನ್ ಸಿಕ್ಕಿಸಿದರೆ ಅದೇ ಆಂಟೆನಾ, ಡೇಟಾ ಇಲ್ಲದೆ ಎಫ್‌ಎಂ ರೇಡಿಯೊ ಕೇಳಬಹುದು. ನಾನು ಊರಿಗೆ ಹೋದಾಗಲೆಲ್ಲ ಅಪ್ಪ ಈ ಫೋನನ್ನು ಅದಕ್ಕೇ ಕಸಿದುಕೊಳ್ಳುತ್ತಾರೆ.

ಈ ವರ್ಷವೋ ಬರುವ ವರ್ಷವೋ ಹೊಸದು ತಗೊಳ್ಳಬೇಕಾಗುತ್ತದೆ, ಅಪ್‌ಡೇಟ್ ಸಲುವಾಗಿ. ಈ ಸಲ ಸಂಜೆ ಎಸಿ ಅಂಗಡಿಯಲ್ಲಿ ನಿಂತು ಆರಿಸುವುದಿಲ್ಲ. ಮಧ್ಯಾಹ್ನ ಒಂದಕ್ಕೆ ಹೋಗುತ್ತೇನೆ. ಬ್ಯಾಟರಿ ಬದಲಿಸಲು ಎಷ್ಟಾಗುತ್ತದೆ, ಬ್ಯಾಟರಿ ಇಲ್ಲೇ ಕಲಬುರಗಿಯಲ್ಲಿ ಸಿಗುತ್ತದಾ ಅಂತ ಮೊದಲು ಕೇಳುತ್ತೇನೆ. ಆಮೇಲೆ ಡೆಮೊ ಫೋನನ್ನು ಅಂಗಡಿ ಬಾಗಿಲ ಹೊರಗೆ ಹಿಡಿದು, ರಸ್ತೆಯ ಬಿಸಿಲಲ್ಲಿ ದಿಶಾಂಕ್ ನಕ್ಷೆಯ ಗೆರೆ ಕಾಣುತ್ತದಾ ನೋಡುತ್ತೇನೆ. ಹೊರಗೆ ಒಯ್ಯಲು ಬಿಡದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತೇನೆ.