‘ನಾನು ಮನೆಯಲ್ಲೇ ಇರುತ್ತೇನೆ’ ಎಂದವರನ್ನು ನಂಬಿ ಮಗನನ್ನು ಕಳುಹಿಸಿದೆ

ನನ್ನ ಹದಿನಾರು ವರ್ಷದ ಮಗ ಕಳೆದ ತಿಂಗಳು ಸಹಪಾಠಿಯೊಬ್ಬನ ಹುಟ್ಟುಹಬ್ಬಕ್ಕೆಂದು ಹೋಗಿ, ನಡುರಾತ್ರಿ ಆಂಬುಲೆನ್ಸಿನಲ್ಲಿ ಆಸ್ಪತ್ರೆ ಸೇರಿದ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನನ್ನನ್ನು ನಂಬಿಸಿದ ಮಾತನ್ನೇ ನಾಳೆ ನಿಮಗೂ ಯಾರಾದರೂ ಹೇಳಬಹುದು.

ಕಳುಹಿಸುವ ಮುನ್ನ, ಎಲ್ಲ ಹೆತ್ತವರೂ ಮಾಡುವಂತೆ, ನಾನೂ ಆ ಹುಡುಗನ ತಂದೆಗೆ ಫೋನ್ ಮಾಡಿ ದೊಡ್ಡವರು ಯಾರಿರುತ್ತಾರೆಂದು ಕೇಳಿದ್ದೆ. ‘ನಾನು ಮನೆಯಲ್ಲೇ ಇರುತ್ತೇನೆ, ನಿಶ್ಚಿಂತೆಯಿಂದಿರಿ’ ಎಂದರು. ಅವರು ಮನೆಯಲ್ಲೇ ಇದ್ದದ್ದು ನಿಜ. ಬಾಟಲಿಗಳನ್ನು ತಂದಿಟ್ಟವರೂ ಅವರೇ. ಹೊರಗೆಲ್ಲೋ ಕದ್ದು ಕುಡಿಯುವುದಕ್ಕಿಂತ ತಮ್ಮ ಕಣ್ಣೆದುರಿಗೇ ಕುಡಿಯಲಿ ಎಂಬುದು ಅವರ ಲೆಕ್ಕಾಚಾರವಾಗಿತ್ತಂತೆ. ಅದನ್ನು ಫೋನಿನಲ್ಲೇ ಹೇಳಿದ್ದರೆ ನಾನು ಮಗನನ್ನು ಕಳುಹಿಸುತ್ತಲೇ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಗೊತ್ತಿದ್ದೇ ಹೇಳಲಿಲ್ಲ.

ರಾತ್ರಿ ಹತ್ತೂವರೆಗೆ ಮಗ ಫೋನ್ ಎತ್ತದಿದ್ದಾಗ ಅವರಿಗೇ ಕರೆ ಮಾಡಿದೆ. ‘ಸುಸ್ತಾಗಿ ಮಲಗಿದ್ದಾನೆ, ಬೆಳಿಗ್ಗೆ ಕಳುಹಿಸುತ್ತೇನೆ’ ಎಂದರು. ನಾನು ‘ಸರಿ’ ಎಂದೆ. ಆ ಒಂದು ‘ಸರಿ’ಯನ್ನು ನೆನೆದರೆ ಈಗಲೂ ಮೈ ನಡುಗುತ್ತದೆ, ಏಕೆಂದರೆ ನಾನು ನೆಮ್ಮದಿಯಿಂದ ದೀಪ ಆರಿಸಿದ ಹೊತ್ತಿನಲ್ಲಿ ನನ್ನ ಮಗ ಇನ್ನೊಬ್ಬರ ಮನೆಯ ನೆಲದ ಮೇಲೆ ಅಂಗಾತ ಬಿದ್ದು, ವಾಂತಿ ಮಾಡಿಕೊಂಡು, ಕರೆದರೂ ಚಿವುಟಿದರೂ ಏಳದ ಸ್ಥಿತಿಯಲ್ಲಿದ್ದ. ಅವನ ಗೆಳೆಯನೊಬ್ಬ ಆಂಬುಲೆನ್ಸ್ ಕರೆಸೋಣವೆಂದಾಗ ‘ಪೊಲೀಸರು ಬರುತ್ತಾರೆ, ಸುಮ್ಮನಿರು, ಮಲಗಿದರೆ ಇಳಿಯುತ್ತದೆ’ ಎಂದು ಗದರಿಸಿದರಂತೆ. ಆ ಹುಡುಗ ಮಾತು ಕೇಳದೆ ಕರೆ ಮಾಡಿದ್ದರಿಂದ ನನ್ನ ಮಗ ಉಳಿದ.

ಮಲಗಿದರೆ ಇಳಿಯುವುದಿಲ್ಲ. ಕುಡಿಯುವುದನ್ನು ನಿಲ್ಲಿಸಿದ ಮೇಲೂ ಹೊಟ್ಟೆಯಲ್ಲಿ, ಕರುಳಿನಲ್ಲಿ ಉಳಿದ ಮದ್ಯ ರಕ್ತಕ್ಕೆ ಸೇರುತ್ತಲೇ ಇರುತ್ತದೆ, ಆದ್ದರಿಂದ ಮಲಗಿಸಿದ ಒಂದು ಗಂಟೆಯ ನಂತರ ಮಗುವಿನ ಸ್ಥಿತಿ ಮೊದಲಿಗಿಂತ ಕೆಟ್ಟಿರಬಹುದು ಎಂದು ವೈದ್ಯರು ವಿವರಿಸಿದರು. ಪ್ರಜ್ಞೆ ತಪ್ಪಿದವನಿಗೆ ವಾಂತಿಯನ್ನು ಕೆಮ್ಮಿ ಹೊರಹಾಕುವ ಶಕ್ತಿ ಇರುವುದಿಲ್ಲ, ಅದು ಶ್ವಾಸನಾಳಕ್ಕೆ ಇಳಿದರೆ ಉಸಿರುಗಟ್ಟುತ್ತದೆ. ಎಳೆಯ ದೇಹದಲ್ಲಿ ರಕ್ತದ ಸಕ್ಕರೆಯೂ ಕುಸಿದು ಫಿಟ್ಸ್ ಬರಬಹುದು. ಕಾಫಿ, ತಣ್ಣೀರು ಯಾವುದೂ ಮದ್ಯವನ್ನು ಬೇಗ ಇಳಿಸಲಾರದು. ಯಕೃತ್ತು ಅದನ್ನು ತನ್ನದೇ ನಿಧಾನಗತಿಯಲ್ಲಿ ಕರಗಿಸುತ್ತದೆ.

ಮರುದಿನ ಆ ಮನುಷ್ಯ ಕ್ಷಮೆ ಕೇಳಬಹುದೆಂದು ಕಾದೆ. ‘ನಾನೇನು ಬಾಯಿಗೆ ಸುರಿದೆನೇ? ನಿಮ್ಮ ಮಗನೇ ಕೇಳಿ ಕುಡಿದ’ ಎಂದರು. ‘ಕಾನೂನು ಇರುವುದು ಅಂಗಡಿಯವರಿಗೆ, ನಾನೇನು ಮಾರಿದೆನೇ?’ ಎಂದರು. ಈ ಎರಡನೆಯ ಮಾತನ್ನು ಬಹಳ ಜನ ನಂಬುತ್ತಾರೆ, ಆದರೆ ಅದು ತಪ್ಪು. ಮದ್ಯ ಕೊಳ್ಳಲು ಕಾನೂನು ಒಪ್ಪುವ ವಯಸ್ಸು ಬ್ರಿಟನ್ನಿನಂಥ ಕಡೆ 18 ಇದ್ದರೂ ಜಪಾನಿನಲ್ಲಿ 20, ಅಮೆರಿಕದಲ್ಲಿ 21 ಹೀಗೆ ಬದಲಾಗುತ್ತದೆ, ಆದರೆ ಹೊಣೆ ಮಾರಿದವರಿಗಷ್ಟೇ ನಿಲ್ಲುವುದಿಲ್ಲ. ಭಾರತದ 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ, ವೈದ್ಯರ ಸೂಚನೆಯಿಲ್ಲದೆ ಹದಿನೆಂಟು ತುಂಬದವರಿಗೆ ಮದ್ಯ ಕೊಟ್ಟವರಿಗೆ ಏಳು ವರ್ಷಗಳವರೆಗೆ ಕಠಿಣ ಸೆರೆವಾಸವಾಗಬಹುದು. ಮಾರಿದವರು ಎಂದಲ್ಲ, ಕೊಟ್ಟವರು. ಅಮೆರಿಕದ ಹಲವು ರಾಜ್ಯಗಳಲ್ಲಿ ತನ್ನ ಮನೆಯಲ್ಲಿ ಕುಡಿಯಲು ಬಿಟ್ಟ ಮನೆಯೊಡೆಯನೇ ಕಾನೂನಿಗೆ ಉತ್ತರಿಸಬೇಕಾಗುತ್ತದೆ.

ಕೊನೆಗೆ ಅವರು ಹೆದರಿಸಲು ನೋಡಿದರು: ‘ದೂರು ಕೊಟ್ಟರೆ ನಿಮ್ಮ ಮಗನ ಹೆಸರೂ ಪೊಲೀಸರ ದಾಖಲೆಗೆ ಹೋಗುತ್ತದೆ.’ ಅದರಲ್ಲಿ ಸ್ವಲ್ಪ ನಿಜವಿದೆ, ಆದ್ದರಿಂದಲೇ ನಾನು ಮೂರು ದಿನ ಹಿಂಜರಿದೆ. ಕೆಲವು ದೇಶಗಳಲ್ಲಿ ಕುಡಿದ ಅಪ್ರಾಪ್ತರಿಗೇ ದಂಡ ಬೀಳುತ್ತದೆ, ಚಾಲನಾ ಪರವಾನಗಿ ಅಮಾನತಾಗುತ್ತದೆ. ಆದರೆ ಇದೇ ಭಯದಿಂದ ಮಕ್ಕಳು ಆಂಬುಲೆನ್ಸ್ ಕರೆಯದೆ ಕುಳಿತು ಸಾಯಬಾರದೆಂದೇ ಅಮೆರಿಕದ ಹೆಚ್ಚಿನ ರಾಜ್ಯಗಳು ನೆರವಿಗೆ ಕರೆ ಮಾಡಿದ ಅಪ್ರಾಪ್ತರಿಗೆ ಕಾನೂನಿನ ರಕ್ಷಣೆ ಕೊಟ್ಟಿವೆ.

‘ದೊಡ್ಡವರು ಇರುತ್ತಾರೆಯೇ’ ಎಂದಷ್ಟೇ ಕೇಳಬೇಡಿ. ‘ಮದ್ಯ ಇರುತ್ತದೆಯೇ’ ಎಂದು ನೇರವಾಗಿ ಕೇಳಿ. ಅವರಿಗೆ ಬೇಸರವಾದರೆ ಆಗಲಿ. ‘ಮಲಗಿದ್ದಾನೆ’ ಎಂದರೆ ಹೋಗಿ ಕಣ್ಣಾರೆ ನೋಡಿ. ಎಬ್ಬಿಸಲಾಗದಿದ್ದರೆ, ಉಸಿರು ನಿಂತುನಿಂತು ಬರುತ್ತಿದ್ದರೆ, ತುಟಿ ನೀಲಿಗಟ್ಟಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ ತಕ್ಷಣ ಆಂಬುಲೆನ್ಸ್ ಕರೆಯಿರಿ, ಯಾರು ತಡೆದರೂ ಕೇಳಬೇಡಿ.

ನಾನು ದೂರು ಕೊಟ್ಟಿದ್ದೇನೆ. ‘ಇಷ್ಟು ಸಣ್ಣ ವಿಷಯಕ್ಕೆ ಹುಡುಗರ ಸ್ನೇಹ ಕೆಡಿಸಬೇಡಿ, ಹಿಂದಕ್ಕೆ ತೆಗೆದುಕೊಳ್ಳಿ’ ಎಂದು ನಿನ್ನೆಯೂ ಅವರಿಂದ ಸಂದೇಶ ಬಂದಿತ್ತು. ತೆಗೆದುಕೊಳ್ಳುವುದಿಲ್ಲ.