'ಕ್ರ್ಯಾಶ್ ಟೆಸ್ಟೆಡ್' ಅಂತ ಬರೆದಿರುವ ನಾಯಿ ಸೀಟು ತಗೊಳ್ಳೋ ಮುಂಚೆ ಇದನ್ನು ಓದಿ

ಕಾರಿನಲ್ಲಿ ಪುಟ್ಟ ನಾಯಿಗಳನ್ನು ಕೂರಿಸಲು ಬುಟ್ಟಿಯ ಆಕಾರದ ಬೂಸ್ಟರ್ ಸೀಟುಗಳು ಸಿಗುತ್ತವಲ್ಲ, ಅದರ ಬಗ್ಗೆ ಬರೆಯುತ್ತಿದ್ದೇನೆ. ಮೆತ್ತನೆಯ ದಿಂಬು, ಒಳಗೊಂದು ಗಿಡ್ಡ ಬೆಲ್ಟ್, ಬೆಲ್ಟಿನ ತುದಿಗೆ ಕೊಕ್ಕೆ. ತಗೊಳ್ಳುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ಇನ್ನೂ ಸಿಟ್ಟು ಇಳಿದಿಲ್ಲ, ಹೇಳಿದ್ದನ್ನೇ ಎರಡು ಸಲ ಹೇಳಿದರೆ ಸಹಿಸಿಕೊಳ್ಳಿ.

ನಮ್ಮ ಚಿನ್ನಿಯ ತೂಕ 5 ಕೆಜಿ. ಕಿಟಕಿಯಿಂದ ಹೊರಗೆ ಕಾಣದಿದ್ದರೆ ಅವಳಿಗೆ ಕಾರಿನಲ್ಲಿ ವಾಂತಿ. ಅದಕ್ಕೇ ಎತ್ತರದ ಸೀಟು ಹುಡುಕಿದ್ದು. ಮಾರುವವರು ದೊಡ್ಡ ಅಕ್ಷರದಲ್ಲಿ 'ಕ್ರ್ಯಾಶ್ ಟೆಸ್ಟೆಡ್' (ಅಂದರೆ ಡಿಕ್ಕಿ ಹೊಡೆಸಿ ಪರೀಕ್ಷೆ ಮಾಡಿದ್ದು) ಅಂತ ಹಾಕಿದ್ದರು. ಅದರ ಕೆಳಗೆ '10 ಕೆಜಿವರೆಗಿನ ನಾಯಿಗಳಿಗೆ ಸುರಕ್ಷಿತ'. ಜೊತೆಗೊಂದು ವಿಡಿಯೋ: ಸೀಟು ವೇಗವಾಗಿ ಮುಂದೆ ಬಂದು ಗಕ್ಕನೆ ನಿಲ್ಲುತ್ತದೆ, ಒಳಗಿರುವ ನಾಯಿ ಕೂತಲ್ಲಿಂದ ಕದಲುವುದಿಲ್ಲ. ಆ ವಿಡಿಯೋವನ್ನು ಮನೆಯವರಿಗೆಲ್ಲ ತೋರಿಸಿದ್ದೆ. ಇನ್ನೊಬ್ಬ ನಾಯಿ ಸಾಕಿದ ಗೆಳತಿಗೂ ಕಳಿಸಿದ್ದೆ. ಈಗ ಅವಳ ಮುಖ ನೋಡೋಕೂ ನಾಚಿಕೆ.

ಆಗಿದ್ದು ಅಪಘಾತವೂ ಅಲ್ಲ. ಮುಂದಿದ್ದ ವಾಹನ ಇದ್ದಕ್ಕಿದ್ದಂತೆ ನಿಂತಿತು, ನಾನು ಬ್ರೇಕ್ ಒತ್ತಿದೆ. ಯಾರಿಗೂ ಯಾರೂ ತಾಗಲಿಲ್ಲ. ಆದರೆ ಹಿಂದಿನ ಸೀಟಿನಿಂದ ಧಡ್ ಅಂತ ಸದ್ದು. ಬುಟ್ಟಿಯ ತಳ ಮೇಲೆದ್ದು ಮುಂದಕ್ಕೆ ಮಗುಚಿತ್ತು. ಚಿನ್ನಿ ನನ್ನ ಸೀಟಿನ ಬೆನ್ನಿಗೆ ಬಡಿದು ಕೆಳಗೆ, ಕಾಲಿಡುವ ಜಾಗಕ್ಕೆ ಬಿದ್ದಿದ್ದಳು. ಎದೆಗೆ ಸುತ್ತಿ ಹಾಕಿದ್ದ ಪಟ್ಟಿ, ಅದೇ ಹಾರ್ನೆಸ್, ಸರಿಯಾಗಿಯೇ ಇತ್ತು. ಕೊಕ್ಕೆಯೂ ಅದಕ್ಕೆ ಸಿಕ್ಕಿಕೊಂಡೇ ಇತ್ತು. ಬೆಲ್ಟಿನ ಇನ್ನೊಂದು ತುದಿ ಮಾತ್ರ ಅವಳ ಜೊತೆಗೇ ಕಿತ್ತುಕೊಂಡು ಬಂದಿತ್ತು.

ತುಟಿ ಸೀಳಿತ್ತು, ಮುಂಗಾಲು ಉಳುಕಿತ್ತು. ಡಾಕ್ಟರ್ ನೋಡಿ ಮೂಳೆ ಮುರಿದಿಲ್ಲ ಅಂದರು. ಈಗ ಓಡಾಡುತ್ತಾಳೆ.

ಅವಳನ್ನು ಮಲಗಿಸಿ ಆ ಬುಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದೆ ನೋಡಿ, ಮೈಯೆಲ್ಲ ಉರಿದುಹೋಯಿತು. ಬೆಲ್ಟನ್ನು ಹೊಲಿದಿದ್ದು ಬುಟ್ಟಿಯ ಬಟ್ಟೆಗೆ. ಬರೀ ಬಟ್ಟೆಗೆ! ಒಂದೇ ಸಾಲು ಹೊಲಿಗೆ, ಅದೂ ಅಂಚಿಗೆ. ಕಾರಿನ ಸೀಟ್ ಬೆಲ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ. ಬುಟ್ಟಿಯನ್ನು ಹಿಡಿದಿದ್ದು ಸೀಟಿನ ತಲೆದಿಂಬಿಗೆ ಸುತ್ತುವ ಒಂದು ಪಟ್ಟಿ, ಅದಕ್ಕೊಂದು ಪ್ಲಾಸ್ಟಿಕ್ ಬಕಲ್. ಅಂದರೆ ನಾಯಿಯನ್ನು ಕಟ್ಟಿದ್ದು ಬುಟ್ಟಿಗೆ, ಬುಟ್ಟಿಯನ್ನು ಕಟ್ಟಿದ್ದು ಹೆಸರಿಗೆ.

ಆಮೇಲೆ ವಿಡಿಯೋ ಮತ್ತೆ ಹಾಕಿ ನಿಧಾನಕ್ಕೆ ನೋಡಿದೆ. ಅದರಲ್ಲಿ ಕೂತಿದ್ದು ಹತ್ತಿ ತುಂಬಿದ ಗೊಂಬೆ ನಾಯಿ. ತೂಕವೇ ಇಲ್ಲದ ಗೊಂಬೆ! ಅದು ಹಾರಿಬೀಳೋಕೆ ಏನಿದೆ ಅದರಲ್ಲಿ? ಮೂಗಿನ ಹತ್ತಿರದ ಹೊಲಿಗೆ ಕೂಡ ಕಾಣುತ್ತದೆ. ಇಷ್ಟು ಸುಲಭಕ್ಕೆ ನನಗೆ ಟೋಪಿ ಹಾಕಿದರಲ್ಲ ಅಂತ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಇನ್ನು ಅವರ ಉತ್ತರಗಳು. ಮೊದಲು 'ನಿಮ್ಮ ಮುದ್ದಿನ ನಾಯಿ ಬೇಗ ಗುಣವಾಗಲಿ, ಫೋಟೋ ಕಳಿಸಿ' ಅಂದರು. ಕಳಿಸಿದೆ. 'ನಾಯಿ ಬೆಲ್ಟನ್ನು ಕಚ್ಚಿರಬಹುದು' ಅಂದರು. ಹಲ್ಲಿನ ಗುರುತು ತೋರಿಸಿ ಅಂದೆ. ಆಗ ಬಂತು ನೋಡಿ ಅಸಲಿ ಮಾತು: 'ಬೆಲ್ಟ್ ಇರುವುದು ನಾಯಿ ಎದ್ದು ಓಡಾಡದಿರಲಿ ಅಂತ ಅಷ್ಟೇ. ಅಪಘಾತಕ್ಕಲ್ಲ.'

ಮತ್ತೆ ಕ್ರ್ಯಾಶ್ ಟೆಸ್ಟ್ ಅಂತ ಬರೆದಿದ್ದು ಯಾಕೆ ಸ್ವಾಮಿ?

'ಟೆಸ್ಟ್ ಮಾಡಿದ್ದು ಸೀಟಿಗೆ, ಬೆಲ್ಟಿಗಲ್ಲ' ಅಂತೆ. ಸೀಟೇ ಮಗುಚಿದೆಯಲ್ಲ ಅಂದರೆ ಉತ್ತರವೇ ಇಲ್ಲ. ಟೆಸ್ಟ್ ರಿಪೋರ್ಟ್ ಕೊಡಿ ಅಂತ ಪಟ್ಟು ಹಿಡಿದೆ. ಮುದ್ರೆ ಗಿದ್ರೆ ಎಲ್ಲ ಇರುವ ಒಂದು ಸರ್ಟಿಫಿಕೇಟ್ ಕಳಿಸಿದರು. ಓದಿದರೆ, ಅದು ಬಟ್ಟೆಯ ಬಣ್ಣದಲ್ಲಿ ಹಾನಿಕರ ರಾಸಾಯನಿಕ ಇಲ್ಲ ಅನ್ನುವ ಸರ್ಟಿಫಿಕೇಟ್! ಡಿಕ್ಕಿಯ ಬಗ್ಗೆ ಒಂದಕ್ಷರ ಇಲ್ಲ. ಯಾರು ಓದುತ್ತಾರೆ ಅಂತ ಧೈರ್ಯ ಅವರಿಗೆ.

ಈ 10 ಕೆಜಿ ಲೆಕ್ಕವೂ ಹಾಗೆಯೇ. ಅದು ನಾಯಿ ಸುಮ್ನೆ ಕೂತಿದ್ದಾಗಿನ ಭಾರ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ 5 ಕೆಜಿ ನಾಯಿಯನ್ನು ಸುಮಾರು 30 ಸೆಂಟಿಮೀಟರ್ ದೂರದೊಳಗೆ ನಿಲ್ಲಿಸಬೇಕಾದರೆ ಬೆಲ್ಟಿನ ಮೇಲೆ ಬೀಳುವ ಎಳೆತ ಹೆಚ್ಚುಕಮ್ಮಿ 160 ಕೆಜಿ ಭಾರಕ್ಕೆ ಸಮ. ಡಿಕ್ಕಿಯಾದರೆ ಆಗುವುದು ಅದು. ಇವರ ಹೊಲಿಗೆ ಬರೀ ಬ್ರೇಕಿಗೇ ಬಿಟ್ಟುಕೊಂಡಿತು. ನಾಯಿ ಚಿಕ್ಕದು, ಏನಾಗುತ್ತೆ ಅನ್ನುವವರಿಗೆ ಈ ಲೆಕ್ಕ ತೋರಿಸಿ. ಮಡಿಲಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ ಅನ್ನುವವರಿಗೂ.

ಆಮೇಲೆ ಕೂತು ಓದಿದಾಗ ಗೊತ್ತಾಗಿದ್ದು, ಅಮೆರಿಕದಂಥ ದೇಶದಲ್ಲೂ ನಾಯಿ ಬೆಲ್ಟು, ನಾಯಿ ಸೀಟುಗಳಿಗೆ ಸರ್ಕಾರದ ಸುರಕ್ಷತಾ ಮಾನದಂಡವೇ ಇಲ್ಲ. ಮಕ್ಕಳ ಸೀಟಿಗೆ ಇದೆ, ಇವಕ್ಕಿಲ್ಲ. ಅಲ್ಲಿನ ಸೆಂಟರ್ ಫಾರ್ ಪೆಟ್ ಸೇಫ್ಟಿ ಅನ್ನುವ ಸಂಸ್ಥೆ 2013ರಲ್ಲಿ ಸುಬಾರು ಅನ್ನುವ ಕಾರು ಕಂಪನಿಯ ಜೊತೆ ಸೇರಿ, ತೂಕ ತುಂಬಿದ ಡಮ್ಮಿ ನಾಯಿಗಳನ್ನು ಕೂರಿಸಿ ಹಾರ್ನೆಸ್‌ಗಳನ್ನು ಪರೀಕ್ಷಿಸಿತ್ತು. ಸುರಕ್ಷಿತ ಅಂತ ಹೇಳಿಕೊಂಡಿದ್ದವುಗಳಲ್ಲೇ ಕೆಲವು ಕಿತ್ತುಹೋದವು. ಎಲ್ಲ ಪರೀಕ್ಷೆಯಲ್ಲೂ ನಾಯಿಯನ್ನು ಸೀಟಿನ ಮೇಲೇ ಹಿಡಿದಿಟ್ಟುಕೊಂಡಿದ್ದು ಒಂದೇ ಒಂದು. ಹೆಸರುವಾಸಿ ಹಾರ್ನೆಸ್‌ಗಳ ಕಥೆಯೇ ಹೀಗಿದ್ದರೆ ಈ ಬುಟ್ಟಿಗಳದ್ದು ಕೇಳಬೇಕಾ?

ನಾನೇನು ಪರಿಣಿತಳಲ್ಲ. ಆದರೂ ಹೇಳುತ್ತೇನೆ: ಬೆಲ್ಟನ್ನು ಎಲ್ಲಿಗೆ ಹೊಲಿದಿದ್ದಾರೆ ಅಂತ ಮೊದಲು ನೋಡಿ. ಬುಟ್ಟಿಯ ಬಟ್ಟೆಗಾದರೆ ಅಲ್ಲಿಗೇ ಬಿಟ್ಟುಬಿಡಿ. ಕಾರಿನ ಸೀಟ್ ಬೆಲ್ಟೇ ಹಾರ್ನೆಸ್ಸಿನ ಒಳಗೆ ತೂರಿ ಹೋಗುವಂಥದ್ದು ವಾಸಿ. ಕೊರಳಪಟ್ಟಿಗಂತೂ ಕೊಕ್ಕೆ ಸಿಕ್ಕಿಸಲೇಬೇಡಿ, ಪುಟ್ಟ ನಾಯಿಗಳ ಶ್ವಾಸನಾಳ ತುಂಬಾ ಸೂಕ್ಷ್ಮ. ಮುಂದಿನ ಸೀಟೂ ಬೇಡ, ಅಲ್ಲಿ ಏರ್‌ಬ್ಯಾಗ್ ಇರುತ್ತದೆ. ವಿಡಿಯೋ ತೋರಿಸಿದರೆ ಒಳಗಿರುವ ನಾಯಿಯ ತೂಕ ಎಷ್ಟು, ವೇಗ ಎಷ್ಟು ಅಂತ ಬರವಣಿಗೆಯಲ್ಲಿ ಕೇಳಿ. ನಾವು ಸದ್ಯಕ್ಕೆ ಚಿನ್ನಿಯನ್ನು ಮುಚ್ಚಿದ ಕ್ಯಾರಿಯರ್‌ನಲ್ಲಿ, ಮುಂದಿನ ಸೀಟಿನ ಹಿಂಭಾಗದ ನೆಲದ ಮೇಲೆ ಇಟ್ಟು ಕರೆದೊಯ್ಯುತ್ತಿದ್ದೇವೆ. ವಾಂತಿ ಮಾಡಿಕೊಳ್ಳುತ್ತಾಳೆ. ಮಾಡಿಕೊಳ್ಳಲಿ, ಒರೆಸಿದರಾಯಿತು.

ಕೊನೆಗೆ ಅವರು ಕೊಟ್ಟ ಆಫರ್ ಕೇಳಿ. ಅರ್ಧ ದುಡ್ಡು ವಾಪಸ್ ಕೊಡ್ತಾರಂತೆ, ನಾನು ಬರೆದ ವಿಮರ್ಶೆ ತೆಗೆದುಹಾಕಬೇಕಂತೆ, ಹರಿದ ಬೆಲ್ಟಿನ ಫೋಟೋ ಸಮೇತ. ಆಗಲ್ಲ ಅಂದೆ. ನಿನ್ನೆ ನೋಡಿದರೆ ಗೊಂಬೆ ನಾಯಿಯ ವಿಡಿಯೋ ಹಾಗೇ ಓಡುತ್ತಿದೆ, 'ಕ್ರ್ಯಾಶ್ ಟೆಸ್ಟೆಡ್' ಅನ್ನುವುದೂ ಹಾಗೇ ಇದೆ. ನನ್ನ ವಿಮರ್ಶೆಯೂ ಅದರ ಕೆಳಗೇ ಇದೆ. ತೆಗೆಯುವುದಿಲ್ಲ.