ವೈಡ್ ಲೆನ್ಸಿಗೆ ಫೋಕಸ್: ಕಣ್ಣಳತೆ ಸಾಕಾ, ರೇಂಜ್‌ಫೈಂಡರ್ ಬೇಕಾ?

ಮೊದಲೇ ಹೇಳಿಬಿಡುತ್ತೇನೆ. 28 ಎಂಎಂ ಅಥವಾ ಅದಕ್ಕಿಂತ ವೈಡ್ ಲೆನ್ಸ್ (ಎಂಎಂ ಕಮ್ಮಿಯಾದಷ್ಟೂ ನೋಟ ಅಗಲ) ಹಾಕಿಕೊಂಡು ಹಗಲಲ್ಲಿ ಬೀದಿ ಸುತ್ತುವವರಿಗೆ ಕಣ್ಣಳತೆಯೇ ಸಾಕು, ಅಂದರೆ ಎದುರಿಗಿರುವುದು ಎಷ್ಟು ದೂರ ಅಂತ ಅಂದಾಜು ಮಾಡಿ ಲೆನ್ಸಿನ ಫೋಕಸ್ ರಿಂಗನ್ನು ಆ ಅಂಕಿಗೆ ತಿರುಗಿಸುವುದು. ಎಸ್‌ಎಲ್‌ಆರ್ ಕ್ಯಾಮೆರಾದ ಸ್ಪ್ಲಿಟ್ ಇಮೇಜ್‌ಗಿಂತ (ಎರಡು ತುಂಡಾಗಿ ಕಾಣುವ ಬಿಂಬ ಸೇರಿದರೆ ಫೋಕಸ್ ಸರಿ ಅಂತ ತೋರಿಸುವ ವ್ಯವಸ್ಥೆ) ಎಷ್ಟೋ ಸಲ ಅದೇ ವಾಸಿ. ಆದರೆ ಒಂದು ಮೀಟರಿಗಿಂತ ಹತ್ತಿರ ಹೋದರೆ, ಇಲ್ಲವೇ ಬೆಳಕು ಕಮ್ಮಿಯಾದರೆ, ಈ ಮಾತು ನಡೆಯಲ್ಲ.

ನಾನು ಅಕ್ಕಪಕ್ಕ ಇಟ್ಟು ನೋಡಿದ್ದು ಇವನ್ನು: ನಿಕಾನ್ ಎಫ್‌ಎಂ2 ಎಸ್‌ಎಲ್‌ಆರ್ ಜೊತೆ 24 ಎಂಎಂ ಎಫ್2.8 (ಎಫ್ ಅಂಕಿ ದೊಡ್ಡದಾದಷ್ಟೂ ಲೆನ್ಸಿನ ಕಿಂಡಿ ಚಿಕ್ಕದು, ಶಾರ್ಪ್ ಬರುವ ಹರವು ಹೆಚ್ಚು), ಬೆಸ್ಸಾ ಆರ್ ರೇಂಜ್‌ಫೈಂಡರ್ (ಎರಡು ಕಿಟಕಿಗಳ ಬಿಂಬ ಒಂದಾಗುವಂತೆ ಮಾಡಿ ಫೋಕಸ್ ಮಾಡುವ ಕ್ಯಾಮೆರಾ) ಜೊತೆ 21 ಎಂಎಂ ಎಫ್4, ಜೇಬಿಗೆ ಪುಟ್ಟ ಒಲಿಂಪಸ್ ಎಕ್ಸ್‌ಎ2. ಮೂರರಲ್ಲೂ ಎಚ್‌ಪಿ5 ಕಪ್ಪು-ಬಿಳುಪು ಫಿಲ್ಮ್, ಐಎಸ್‌ಒ 400 ವೇಗದಲ್ಲೇ. ಜೊತೆಗೆ ಇಂಟೀರಿಯರ್ ಕೆಲಸದವರು ಗೋಡೆ ಅಳೆಯೋಕೆ ಇಟ್ಟುಕೊಳ್ಳುವ ಲೇಸರ್ ಮೀಟರ್ ಒಂದು.

ಕಣ್ಣಳತೆ ಯಾಕೆ ನಡೆಯುತ್ತದೆ ಅನ್ನೋದಕ್ಕೆ ಲೆಕ್ಕ ಇದೆ. 21 ಎಂಎಂ ಲೆನ್ಸನ್ನು ಎಫ್8ಕ್ಕೆ ಇಟ್ಟು ರಿಂಗನ್ನು ಸುಮಾರು 1.85 ಮೀಟರಿಗೆ ತಿರುಗಿಸಿದರೆ, 90 ಸೆಂಟಿಮೀಟರ್ ಚಿಲ್ಲರೆಯಿಂದ ಹಿಡಿದು ಕಣ್ಣು ಹಾಯುವಷ್ಟು ದೂರ ಎಲ್ಲವೂ ಸಾಕಷ್ಟು ಶಾರ್ಪ್ ಬರುತ್ತದೆ. 1.85 ಮೀಟರ್ ಅಂದರೆ ಹೆಚ್ಚುಕಮ್ಮಿ ಒಂದು ಮಾರು. ಹಾಗಾಗಿ ನಾನು ಬೀದಿಯಲ್ಲಿ ಮೀಟರ್ ಲೆಕ್ಕ ಹಾಕುವುದೇ ಇಲ್ಲ, ಮಾರಿನಲ್ಲೇ ಯೋಚಿಸುತ್ತೇನೆ. ಮಾರಿಗೆ ರಿಂಗ್ ಇಟ್ಟರೆ ಅರ್ಧ ಮಾರಿನಿಂದ ಆಚೆಗೆ ಎಲ್ಲ ಸಿಕ್ಕಿತು. ಎದುರಿಗಿರುವವರನ್ನು ಒಂದೂವರೆ ಮೀಟರ್ ಅಂದುಕೊಂಡೆ, ಅವರು ನಿಜವಾಗಿ ಎರಡು ಮೀಟರಿನಲ್ಲಿದ್ದರು, ಏನೂ ಆಗಲ್ಲ. ನೆರಳಿರುವ ಬೀದಿಯಲ್ಲೂ 400 ಫಿಲ್ಮಿಗೆ ಎಫ್8ರಲ್ಲಿ 1/125 ಸೆಕೆಂಡ್ ಶಟರ್ ಆರಾಮಾಗಿ ಸಿಗುತ್ತದೆ.

ಆದರೆ ಲೆನ್ಸಿನ ಎಂಎಂ ಹೆಚ್ಚಿದ ಹಾಗೆ ಈ ರಿಯಾಯಿತಿ ಬೇಗ ಕರಗುತ್ತದೆ. ಅದೇ ಎಫ್8ರಲ್ಲಿ ರಿಂಗ್ ಇಡಬೇಕಾದ ದೂರ 24ಕ್ಕೆ 2.4 ಮೀಟರ್, 28ಕ್ಕೆ 3.3, 35ಕ್ಕೆ 5.1. ಶಾರ್ಪ್ ಶುರುವಾಗುವುದು ಅದರ ಅರ್ಧದಿಂದ. 50 ಎಂಎಂಗೆ ಹತ್ತು ಮೀಟರೇ ದಾಟುತ್ತದೆ, ಅಲ್ಲಿ ಕಣ್ಣಳತೆ ನಂಬಿ ಹತ್ತಿರದವರ ಮುಖ ತೆಗೆಯೋದು ಅಂದರೆ ಸುಮ್ನೆ ಫಿಲ್ಮ್ ಸುಟ್ಟ ಹಾಗೆ.

ಇನ್ನು ಎಫ್‌ಎಂ2. ಮಧ್ಯದಲ್ಲಿ ಸ್ಪ್ಲಿಟ್ ಇಮೇಜ್ ಇದೆ, ಹಾಗಾಗಿ ಕರಾರುವಾಕ್ಕು ಅಂತ ನಂಬಿಬಿಡುತ್ತೇವೆ, ಅಲ್ವಾ? 24 ಎಂಎಂ ಹಾಕಿ ಐದು ಮೀಟರ್ ದೂರದ ಕರೆಂಟ್ ಕಂಬಕ್ಕೆ ಫೋಕಸ್ ಮಾಡಿ ನೋಡಿ. ಕಂಬ ಕಡ್ಡಿಯಷ್ಟು ತೆಳ್ಳಗೆ ಕಾಣುತ್ತದೆ. ಆ ಕಡ್ಡಿಯ ಮೇಲಿನ ತುಂಡೂ ಕೆಳಗಿನ ತುಂಡೂ ಸೇರಿದವು ಅಂತ ಅನಿಸಿದ ಕಡೆ ರಿಂಗ್ ನಿಲ್ಲಿಸಿ, ಅಂಕಿ ನೋಡಿ, ಮತ್ತೆ ಮಾಡಿ. ನನಗಂತೂ ಪ್ರತಿ ಸಲ ಬೇರೆ ಅಂಕಿ ಬಂತು, ಒಮ್ಮೆ ಮೂರರ ಹತ್ತಿರ, ಇನ್ನೊಮ್ಮೆ ಇನ್ಫಿನಿಟಿಯ (ರಿಂಗಿನಲ್ಲಿ ಅತಿ ದೂರದ ಗುರುತು) ಪಕ್ಕ. ಎಸ್‌ಎಲ್‌ಆರ್‌ನಲ್ಲಿ ನೋಡುವುದೇ ಲೆನ್ಸಿನ ಮೂಲಕ. ಲೆನ್ಸ್ ವೈಡ್ ಆದಷ್ಟೂ ಕಾಣುವುದೆಲ್ಲ ಸಣ್ಣದಾಗುತ್ತದೆ, ಫೋಕಸ್ ತಪ್ಪಿದ್ದು ಕಣ್ಣಿಗೆ ಗೊತ್ತಾಗುವುದೂ ಅಷ್ಟೇ ಕಮ್ಮಿಯಾಗುತ್ತದೆ. ಇಲ್ಲಿ ಬರೀ ಕಣ್ಣಲ್ಲಿ 'ಐದು ಮೀಟರ್' ಅಂದಿದ್ದೇ ಸತ್ಯಕ್ಕೆ ಹತ್ತಿರ ಇತ್ತು.

ರೇಂಜ್‌ಫೈಂಡರಿಗೆ ಈ ತೊಂದರೆ ಇಲ್ಲ. ಯಾವ ಲೆನ್ಸ್ ಹಾಕಿದರೂ ಅದು ದೂರ ಅಳೆಯುವುದು ತನ್ನ ಎರಡು ಕಿಟಕಿಗಳ ನಡುವಿನ ಅಂತರದಿಂದ. ಬೆಸ್ಸಾ ಆರ್‌ನಲ್ಲಿ ಅದು 37 ಎಂಎಂ, ಬಹುತೇಕ ಲೈಕಾ ಎಂ ಕ್ಯಾಮೆರಾಗಳಲ್ಲಿ ಸುಮಾರು 69. ಬೆಸ್ಸಾದ್ದು ಕಮ್ಮಿಯೇ, ಆದರೂ 21ಕ್ಕೆ ಧಾರಾಳ. ಅದೇ ಕಂಬಕ್ಕೆ ಪ್ರತಿ ಸಲ ಹೆಚ್ಚುಕಮ್ಮಿ ಅದೇ ಅಂಕಿ. ಕಷ್ಟ ಇರುವುದು ಬೇರೆ ಕಡೆ. 21ಕ್ಕೆ ಫ್ರೇಮ್ ನೋಡಲು ಮೇಲೆ ಇನ್ನೊಂದು ಫೈಂಡರ್ ಸಿಕ್ಕಿಸಬೇಕು. ಒಂದು ಕಿಟಕಿಯಲ್ಲಿ ಫೋಕಸ್ ಮಾಡಿ, ಕಣ್ಣು ಮೇಲಕ್ಕೆ ಸರಿಸಿ, ಇನ್ನೊಂದರಲ್ಲಿ ಫ್ರೇಮ್ ಮಾಡುವಷ್ಟರಲ್ಲಿ ಆಡುತ್ತಿದ್ದ ಮಗು ಓಡಿಹೋಗಿರುತ್ತದೆ.

ಕಣ್ಣಳತೆ ಸೋಲುವ ಜಾಗಕ್ಕೆ ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನ ಒಳಗೆ ಬನ್ನಿ. ಹೂ ಕಟ್ಟುತ್ತಾ ಕೂತ ಅಮ್ಮನ ಕೈಬೆರಳು ಬೇಕು, ಅರ್ಧ ಮೀಟರಿನಿಂದ. ಬೆಳಕು ಸಾಲದೆ ಎಫ್2.8, 1/30. ಈಗ ಆ 24 ಎಂಎಂನಲ್ಲೂ ಶಾರ್ಪ್ ಇರುವುದು ಬರೀ ಏಳು ಸೆಂಟಿಮೀಟರ್. ಬೆರಳಿಗೆ ಇಟ್ಟರೆ ಮುಖ ಮಸುಕು, ಮುಖಕ್ಕೆ ಇಟ್ಟರೆ ಬೆರಳು ಮಸುಕು. ಇಲ್ಲಿ ಅಂದಾಜು ಬೇಡವೇ ಬೇಡ. ಆಗ ಎಫ್‌ಎಂ2 ತನ್ನ ಕೆಲಸ ತೋರಿಸಿತು. ಹತ್ತಿರದ ವಸ್ತು ದೊಡ್ಡದಾಗಿ ಕಾಣುತ್ತದಲ್ಲ, ಸ್ಪ್ಲಿಟ್ ಇಮೇಜ್ ಕಚ್ಚಿಕೊಂಡಂತೆ ಕೂತಿತು. ಒಂದು ಸಣ್ಣ ಉಪಾಯ: ಬಾಳೆನಾರು ಅಡ್ಡಕ್ಕೆ ಇದ್ದರೆ ಸ್ಪ್ಲಿಟ್‌ನಲ್ಲಿ ಏನೂ ತಿಳಿಯಲ್ಲ. ಕ್ಯಾಮೆರಾ ಸ್ವಲ್ಪ ವಾಲಿಸಿ ಫೋಕಸ್ ಮಾಡಿ, ಆಮೇಲೆ ನೇರ ಮಾಡಿಕೊಳ್ಳಿ.

ಎಕ್ಸ್‌ಎ2 ಇದೇ ಜಾಗದಲ್ಲಿ ಕೈಕೊಟ್ಟಿತು. 35 ಎಂಎಂ ಎಫ್3.5, ಫೋಕಸ್‌ಗೆ ಹತ್ತಿರ, ನಡು, ದೂರ ಅಂತ ಮೂರೇ ಗುರುತು. ಮುಚ್ಚಳ ಮುಚ್ಚಿದರೆ ತಾನಾಗೇ ನಡುವಿನದಕ್ಕೆ ಬಂದು ನಿಲ್ಲುತ್ತದೆ, ಹಗಲಲ್ಲಿ ಅದರಷ್ಟು ನಿಶ್ಚಿಂತೆ ಇನ್ನೊಂದಿಲ್ಲ. ಆದರೆ ಅಪರ್ಚರ್ (ಲೆನ್ಸಿನ ಕಿಂಡಿಯ ಗಾತ್ರ) ಅದೇ ಆರಿಸಿಕೊಳ್ಳುತ್ತದೆ, ಎಷ್ಟು ಅಂತ ನಮಗೆ ಹೇಳಲ್ಲ. ಮಬ್ಬಿನಲ್ಲಿ ಪೂರ್ತಿ ತೆರೆದುಕೊಂಡಿತು ಅಂದರೆ ಕಣ್ಣಳತೆಗೆ ಆಧಾರವೇ ಇಲ್ಲ.

ಲೇಸರ್ ಮೀಟರ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಬಿಸಿಲಲ್ಲಿ ಕೆಂಪು ಚುಕ್ಕೆ ಕಾಣಲ್ಲ, ಜನರ ಮುಖಕ್ಕೆ ಹಿಡಿಯುವ ವಸ್ತುವೂ ಅಲ್ಲ. ಹಳೆ ತೊಟ್ಟಿ ಮನೆಯ ಒಳಗೆ ಟ್ರೈಪಾಡ್ ಹಾಕಿ ತೆಗೆಯುವಾಗ ಮಾತ್ರ ಭಾರಿ ಅನುಕೂಲ. ಅಳತೆಯನ್ನು ಲೆನ್ಸಿನ ತುದಿಯಿಂದ ಅಲ್ಲ, ಫಿಲ್ಮ್ ಇರುವ ಜಾಗದಿಂದ ತೆಗೆದುಕೊಳ್ಳಬೇಕು. ಮನೆಯಲ್ಲಿ ಕೂತು ಕಣ್ಣು ಪಳಗಿಸೋಕೂ ಒಳ್ಳೆಯದು: ಮೊದಲು ಅಂದಾಜು ಹೇಳಿ, ಆಮೇಲೆ ಗುಂಡಿ ಒತ್ತಿ.

ಲೆಕ್ಕದ ದೂರಕ್ಕೆ ಕಣ್ಣು ಮುಚ್ಚಿ ರಿಂಗ್ ಇಡುವುದೂ ಎಲ್ಲ ಕಡೆ ಸರಿಯಲ್ಲ. ಆ ಅಂಕಿಗಳೆಲ್ಲ ಫಿಲ್ಮಿನ ಮೇಲೆ 0.03 ಮಿಲಿಮೀಟರ್ ಮಸುಕನ್ನು ಒಪ್ಪಿಕೊಂಡು ಮಾಡಿದ ಲೆಕ್ಕ. ಹಂಪಿಯ ಹೇಮಕೂಟದ ಮೇಲಿಂದ ವಿರೂಪಾಕ್ಷನ ಗೋಪುರವನ್ನು 24ರಲ್ಲಿ ಎರಡು ಥರ ತೆಗೆದೆ. ಎಫ್8, ರಿಂಗ್ 2.4 ಮೀಟರಿನಲ್ಲಿ ಇಟ್ಟಾಗ ಕಾಲ ಬಳಿಯ ಬಂಡೆ ಚೆನ್ನಾಗಿತ್ತು, ಆದರೆ ಸ್ಕ್ಯಾನ್ ದೊಡ್ಡದು ಮಾಡಿದರೆ ಗೋಪುರದ ಗಾರೆ ಗೊಂಬೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಇನ್ಫಿನಿಟಿಗೆ ಇಟ್ಟಾಗ ಗೊಂಬೆಗಳು ಬಿಡಿಬಿಡಿಯಾಗಿ ಬಂದವು, ಕಳೆದುಕೊಂಡಿದ್ದು 2.4 ಮೀಟರಿಗಿಂತ ಹತ್ತಿರದ್ದನ್ನು ಮಾತ್ರ. ದೂರದ್ದೇ ಮುಖ್ಯ ಆಗಿದ್ದರೆ ನಾನು ಈಗ ನೇರ ಇನ್ಫಿನಿಟಿಗೇ ಹೋಗುತ್ತೇನೆ.

ಇದನ್ನು ಓದಿ ಸೆಕೆಂಡ್ ಹ್ಯಾಂಡ್ ರೇಂಜ್‌ಫೈಂಡರ್ ಕೊಳ್ಳಲು ಹೊರಟರೆ ಅಂಗಡಿಯಿಂದ ಆಚೆ ಬಂದು ದೂರದ ಮೊಬೈಲ್ ಟವರ್ ನೋಡಿ. ರಿಂಗ್ ಇನ್ಫಿನಿಟಿಯಲ್ಲಿ ಇರುವಾಗ ಎರಡು ಬಿಂಬಗಳೂ ಪೂರ್ತಿ ಒಂದಾಗಬೇಕು. ಆಗದಿದ್ದರೆ ರಿಪೇರಿ ಮಾಡುವವರು ಸಿಗುತ್ತಾರಾ ಅಂತ ಮೊದಲು ವಿಚಾರಿಸಿ, ಆಮೇಲೆ ದುಡ್ಡು ಕೊಡಿ.